ಓಕ್ ಮರದ ಜಡ್ಜ್

ಶುಕ್ರವಾರ ಮಧ್ಯಾಹ್ನ ಶೇಷಾದ್ರಿ ರಟ್ಟಿನ ಡಬ್ಬಗಳನ್ನು ಎಸೆಯಲು ಕೆಳಗೆ ಹೋಗದೇ ಇದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ರಟ್ಟೇನೂ ಕೊಳೆಯುವ ವಸ್ತುವಲ್ಲ, ಇನ್ನೊಂದು ವಾರ ಬಾಲ್ಕನಿಯಲ್ಲೇ ಬಿದ್ದಿರಬಹುದಿತ್ತು. ಆದರೆ ಕಟ್ಟಡದ ಮುಂಬಾಗಿಲಲ್ಲಿ ಕ್ಯಾಮೆರಾ ಹಿಡಿದ ಇಬ್ಬರು ನಿಂತಿರುವುದು ಅವನಿಗೆ ಕಿಟಕಿಯಿಂದ ಕಂಡಿತ್ತು. ಕ್ಯಾಮೆರಾ ಯಾರ ಮನೆಗೆ ಬಂದಿದೆ ಎಂದು ತಿಳಿಯದೆ ಅವನಿಗೆ ತುತ್ತು ಇಳಿಯುವ ಹಾಗಿರಲಿಲ್ಲ.

ಯಾರ ಮನೆಗೆ ಎಂಬ ಅನುಮಾನ ಅವನಿಗೆ ಆಗಲೇ ಇತ್ತು. ಅಂದು ಬೆಳಿಗ್ಗೆ ಹನ್ನೊಂದಕ್ಕೆ ಓಕ್ ಮರದ ಕೇಸಿನ ತೀರ್ಪು ಬಂದಿತ್ತು. ಟಿವಿಯಲ್ಲಿ ಹದಿನೈದು ವರ್ಷದಿಂದ ಜನರಿಗೆ ಗಿಡ ನೆಡುವುದನ್ನು ಕಲಿಸುತ್ತಿದ್ದ ಒಬ್ಬ ಜನಪ್ರಿಯ ನಿರೂಪಕ, ತನ್ನ ಬೇಸಿಗೆ ಮನೆಯಿಂದ ಸಮುದ್ರ ಕಾಣಲಿ ಎಂದು ಪಕ್ಕದ ಜಾಗದ ನಾನೂರು ವರ್ಷದ ಓಕ್ ಮರವನ್ನು ಕಡಿದುಹಾಕಿದ ಎಂಬುದು ಆರೋಪ. ಸ್ವೀಡನ್ನಿನ ಕೋರ್ಟಿನಲ್ಲಿ ಕಾನೂನು ಓದಿದ ನ್ಯಾಯಾಧೀಶರ ಜೊತೆಗೆ ಮೂವರು ಸಾಮಾನ್ಯ ಪ್ರಜೆಗಳೂ ಪೀಠದಲ್ಲಿ ಕೂರುತ್ತಾರೆ. ನೆಮ್ದೆಮಾನ್ ಎಂದು ಅವರಿಗೆ ಹೆಸರು. ನಾಲ್ವರಿಗೂ ಒಂದೊಂದೇ ಮತ. ನ್ಯಾಯಾಧೀಶರು ಇವನು ಅಪರಾಧಿ ಎಂದರು; ಆ ಮೂವರು, ಗರಗಸ ಇವನದೇ ಇರಬಹುದು, ಹಿಡಿದ ಕೈ ಇವನದೆಂದು ಸಾಬೀತಾಗಿಲ್ಲ ಎಂದು ಅವನನ್ನು ಬಿಟ್ಟುಬಿಟ್ಟರು. ಹನ್ನೆರಡು ಗಂಟೆಯ ಹೊತ್ತಿಗೆ ಇಡೀ ದೇಶ ಆ ಮೂವರನ್ನು ಶಪಿಸುತ್ತಿತ್ತು.

ಸೊಲ್ಲೆಂಟುನಾ ಎಂಬ ಊರಿನ ಆ ಕಟ್ಟಡದ ಐದನೇ ಮಹಡಿಯ ಬದರಿನಾಥ ಅಂಥ ಒಬ್ಬ ನೆಮ್ದೆಮಾನ್. ಮೂರು ವಾರದಿಂದ ಅವನು ದಿನಾ ಬೆಳಿಗ್ಗೆ ಟೈ ಕಟ್ಟಿಕೊಂಡು ಹೊರಡುತ್ತಿದ್ದ. ಓಕ್ ಕೇಸೇನಾ ಎಂದು ಯಾರಾದರೂ ಕೇಳಿದರೆ ಕಣ್ಣು ಮುಚ್ಚಿ, "ಅದನ್ನೆಲ್ಲ ಹೇಳೋ ಹಾಗಿಲ್ಲ, ಪ್ರಮಾಣ ಮಾಡಿದೀನಿ" ಎನ್ನುತ್ತಿದ್ದ. ಹೀಗೆ ಗುಟ್ಟಾಗಿ ಹೇಳಿದ್ದರಿಂದ ಊರಿಗೆಲ್ಲ ಗೊತ್ತಾಗಿತ್ತು.

ಶೇಷಾದ್ರಿಗೆ ಹೊಟ್ಟೆ ಉರಿಯುತ್ತಿತ್ತು. ಇದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ. ಮೂರು ವಾರದ ಹಿಂದೆ ಗಣೇಶನ ಹಬ್ಬಕ್ಕೆ ಬೆಂಗಳೂರಿನಿಂದ ಮೂರ್ತಿಯನ್ನು ವಿಮಾನದಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದವನು ಶೇಷಾದ್ರಿ. ಆರತಿಯ ಹೊತ್ತಿಗೆ ಕನ್ನಡ ಸಂಘದ ಕಾರ್ಯದರ್ಶಿ ಚಿರಂತನ್, "ಜಡ್ಜ್ ಸಾಹೇಬ್ರು ಮೊದಲು ಬರ್ಲಿ" ಎಂದು ಬದರಿನಾಥನನ್ನು ಕರೆದ. ಆಮೇಲೆ ಶೇಷಾದ್ರಿಯ ಕಡೆ ತಿರುಗಿ, "ಸರ್, ಸ್ವಲ್ಪ ಈಚೆ ಬರ್ತೀರಾ, ಫೋಟೋಗೆ ಅಡ್ಡ ಆಗ್ತಿದೆ" ಎಂದ. ಆ ಫೋಟೋದಲ್ಲಿ ಶೇಷಾದ್ರಿಯ ಮೊಣಕೈ ಮಾತ್ರ ಇದೆ.

ನೆಮ್ದೆಮಾನ್ ಆಗಬೇಕಾದರೆ ಸ್ವೀಡನ್ನಿನ ಪೌರತ್ವ ಬೇಕು. ಶೇಷಾದ್ರಿ ಎರಡು ವರ್ಷದ ಹಿಂದೆಯೇ ಅರ್ಜಿ ಹಾಕಿದ್ದ. ಬೇರೆಯವರು ಪಾಸ್‌ಪೋರ್ಟಿಗಾಗಿ ಕಾಯುತ್ತಾರೆ, ಅವನು ಬದರಿನಾಥನಿಗೆ ಸರಿಸಮನಾಗುವುದಕ್ಕಾಗಿ ಕಾಯುತ್ತಿದ್ದ. ಅರ್ಜಿಯನ್ನು ಅಧಿಕಾರಿಯೊಬ್ಬರು ಕೈಗೆತ್ತಿಕೊಂಡಿದ್ದಾರೆ ಎಂಬ ಪತ್ರ ಹಿಂದಿನ ವಾರವಷ್ಟೇ ಬಂದಿತ್ತು. ಇನ್ನೊಂದೆರಡು ತಿಂಗಳು ಯಾವ ಕಪ್ಪು ಚುಕ್ಕೆಯೂ ಬೀಳದಂತೆ ಇದ್ದರೆ ಸಾಕಿತ್ತು.

ಹೀಗಿರುವಾಗ ಅವನು ರಟ್ಟು ಹೊತ್ತುಕೊಂಡು ಕೆಳಗೆ ಬಂದ. ಯಾವುದೋ ಸಣ್ಣ ಆನ್‌ಲೈನ್ ಚಾನೆಲ್ಲಿನ ಹುಡುಗಿ ಮೈಕು ಹಿಡಿದು ಅವನತ್ತ ಓಡಿ ಬಂದಳು. ನೇರಪ್ರಸಾರ ಶುರುವಾಗಿಬಿಟ್ಟಿತ್ತು.

"ಓಕ್ ಕೇಸಿನ ಭಾರತೀಯ ನೆಮ್ದೆಮಾನ್ ಈ ಕಟ್ಟಡದಲ್ಲೇ ಇದ್ದಾನಂತೆ. ನೀನೇನಾ?" ಎಂದಳು. ಸ್ವೀಡಿಷ್ ಭಾಷೆಯಲ್ಲಿ ಎಲ್ಲರೂ ಎಲ್ಲರಿಗೂ ನೀನೇ.

ಅಲ್ಲಮ್ಮ, ಅದು ಐದನೇ ಮಹಡಿ ಎನ್ನುವ ಮಾತು ನಾಲಗೆಯ ತುದಿಗೆ ಬಂದಿತ್ತು. ಆದರೆ ಹಾಗೆಂದರೆ ಈ ಕ್ಯಾಮೆರಾವೂ ಲಿಫ್ಟ್ ಹತ್ತಿ ಆ ಮನುಷ್ಯನ ಮನೆಗೇ ಹೋಗುತ್ತದೆ. ತಾನೇ ದಾರಿ ತೋರಿಸಿ, ಬೇಕಿದ್ದರೆ ಬಟನ್ನೂ ಒತ್ತಿ ಕಳಿಸಿಕೊಡಬೇಕು. ಅದನ್ನು ಶೇಷಾದ್ರಿಯಿಂದ ಸಹಿಸಲಾಗಲಿಲ್ಲ.

"ಹೌದು, ನಾನೇ" ಎಂದ.

"ಇಡೀ ದೇಶ ಸಿಟ್ಟಾಗಿದೆ. ಜನರಿಗೆ ಏನು ಹೇಳುತ್ತೀಯ?"

ಶೇಷಾದ್ರಿ ರಟ್ಟನ್ನು ಎದೆಗೆ ಅವಚಿಕೊಂಡು ಗಂಟಲು ಸರಿಮಾಡಿಕೊಂಡ. "ಪೀಠದಲ್ಲಿ ಕೂತವರು ಕಾನೂನು ನೋಡಬೇಕು, ಮರವನ್ನಲ್ಲ. ಮರ ಇನ್ನೊಂದು ಬೆಳೆಯುತ್ತದೆ."

ಹತ್ತು ವರ್ಷದಲ್ಲಿ ಅವನು ಒಂದೂ ತಪ್ಪಿಲ್ಲದೆ ಆಡಿದ ಮೊದಲ ಸ್ವೀಡಿಷ್ ಮಾತು ಅದು.

ಮನೆಗೆ ಬಂದು ಕೈ ತೊಳೆಯುವಷ್ಟರಲ್ಲಿ ಸಂಘದ ವಾಟ್ಸ್ಆಪ್ ಗುಂಪಿನಲ್ಲಿ ವಿಡಿಯೋ ಓಡಾಡುತ್ತಿತ್ತು. "ಶೇಷಾದ್ರಿ ಸರ್, ನೀವೂನಾ? ದೀಪಾವಳಿಗೆ ನೀವೇ ದೀಪ ಹಚ್ಚಬೇಕು" ಎಂದು ಚಿರಂತನ್ ಬರೆದಿದ್ದ. ಶೇಷಾದ್ರಿ ಅದನ್ನು ನಾಲ್ಕು ಸಲ ಓದಿದ.

ಹೆಂಡತಿ ಶಾರದಾ ಸೌಟು ಹಿಡಿದೇ ಅಡುಗೆಮನೆಯಿಂದ ಬಂದಳು. "ಏನ್ರೀ ಇದು? ನೀವ್ಯಾವಾಗ ಕೋರ್ಟಿಗೆ ಹೋದ್ರಿ? ಮೂರು ವಾರದಿಂದ ಪೈಜಾಮದಲ್ಲಿ ಮನೇಲೇ ಇದ್ರಿ."

"ಆನ್‌ಲೈನ್" ಎಂದ ಶೇಷಾದ್ರಿ.

"ಮೇಲಿನ ಬದರಿನಾಥರು ಟೈ ಕಟ್ಕೊಂಡು ಹೋಗ್ತಿದ್ರಲ್ಲ."

"ಅವರಿಗೆ ಶೋಕಿ. ಬಡಿಸು."

ಚಿರಂತನ್‌ಗೆ ಉತ್ತರವಾಗಿ ಶೇಷಾದ್ರಿ ಗುಂಪಿನಲ್ಲಿ ಕೈ ಮುಗಿದ ಚಿತ್ರವೊಂದನ್ನು ಹಾಕಿದ್ದ; ಅದನ್ನು ಬದರಿನಾಥ ನೋಡಿದ್ದಾನೆ ಎಂದು ನೀಲಿ ಗುರುತು ತೋರಿಸುತ್ತಿತ್ತು. ಅವನು ಒಂದಕ್ಷರವೂ ಬರೆದಿರಲಿಲ್ಲ. ಅವನಿಗೆ ಹೇಗಾಗಿರಬಹುದು ಎಂದು ಊಹಿಸಿಕೊಂಡು ಶೇಷಾದ್ರಿ ಎರಡು ಸಲ ಪುಳಿಯೋಗರೆ ಹಾಕಿಸಿಕೊಂಡ. ಅವನ ಜೀವನದ ಅತ್ಯಂತ ಸುಖದ ಊಟ ಅದು. ಇಪ್ಪತ್ತು ನಿಮಿಷ ನಡೆಯಿತು.

ಎರಡು ಗಂಟೆಗೆ ಆಫೀಸಿನವರ ಶುಕ್ರವಾರದ ಫೀಕಾ, ಅಂದರೆ ಎಲ್ಲರೂ ಅವರವರ ಮನೆಯಲ್ಲೇ ಕಾಫಿ ಹಿಡಿದು ಕಂಪ್ಯೂಟರಿನ ಮುಂದೆ ಕೂತು ಹರಟುವುದು. ಶೇಷಾದ್ರಿ ಕಾಣಿಸಿಕೊಂಡದ್ದೇ ಹರಟೆ ನಿಂತಿತು. ಸ್ವೀಡನ್ನಿನವರು ಸಿಟ್ಟು ಬಂದರೆ ಕೂಗಾಡುವುದಿಲ್ಲ, ಇಲ್ಲವಾಗುತ್ತಾರೆ. ಒಂದೊಂದೇ ಮುಖ ಆರಿ ಕಪ್ಪು ಚೌಕವಾಯಿತು. ಕೊನೆಗೆ ಉಳಿದ ಮ್ಯಾನೇಜರ್ ಬಹಳ ಮೆತ್ತಗೆ, "ಶೇಷಾದ್ರಿ, ನಿನ್ನ ಅಭಿಪ್ರಾಯವನ್ನು ನಾವು ಗೌರವಿಸುತ್ತೇವೆ. ಆದರೆ ಮರ ಇನ್ನೊಂದು ಬೆಳೆಯುತ್ತದೆ ಎಂದೆಯಲ್ಲ, ಅದರಿಂದ ಎಲ್ಲರಿಗೂ ದುಃಖವಾಗಿದೆ. ಮುಂದಿನ ವಾರ ನೀನು ಒಬ್ಬನೇ ಮಾಡುವಂಥ ಕೆಲಸ ಏನಾದರೂ ನೋಡೋಣ" ಎಂದು ತಾನೂ ಆರಿಹೋದ.

ಮೂರು ಗಂಟೆಗೆ ನೆಲಮಾಳಿಗೆಯ ಬಟ್ಟೆ ಒಗೆಯುವ ಕೋಣೆ ಅವನ ಹೆಸರಿಗೆ ಬುಕ್ಕಾಗಿತ್ತು. ಆ ಸರದಿಯನ್ನು ಸ್ವೀಡನ್ನಿನಲ್ಲಿ ಯಾರೂ ಮುಟ್ಟುವುದಿಲ್ಲ. ಗಂಡ ಹೆಂಡತಿ ಬೇರೆಯಾದರೂ ಬಟ್ಟೆಯ ಸರದಿ ಅಲುಗುವುದಿಲ್ಲ. ಶೇಷಾದ್ರಿ ಬುಟ್ಟಿ ಹೊತ್ತು ಹೋದರೆ ಎರಡು ಯಂತ್ರಗಳಲ್ಲೂ ಯಾರದೋ ಹಾಸಿಗೆ ಬಟ್ಟೆ ತಿರುಗುತ್ತಿತ್ತು. ಬಾಗಿಲ ಮೇಲೆ ಒಂದು ಚೀಟಿ ಅಂಟಿಸಿತ್ತು: "ಮರ ಬೇಡ ಎನ್ನುವವನಿಗೆ. ಕಾಗದವೂ ಮರದಿಂದಲೇ ಆಗುವುದರಿಂದ ಚಿಕ್ಕದಾಗಿ ಬರೆಯುತ್ತೇನೆ. ನಾಚಿಕೆಯಾಗಬೇಕು."

ಅಷ್ಟರಲ್ಲಿ ಕಟ್ಟಡದ ಸಂಘದ ಅಧ್ಯಕ್ಷೆ ಗುನಿಲ್ಲಾ ಬಂದಳು. ಎಪ್ಪತ್ತು ದಾಟಿದ ಮುದುಕಿ, ಪ್ರತಿ ಕ್ರಿಸ್ಮಸ್‌ಗೂ ಶಾರದಾಳಿಗೆ ಕೇಸರಿ ಹಾಕಿದ ಬನ್ನು ತಂದುಕೊಡುವವಳು.

"ಮದುವೆಯ ದಿನ ಆ ಮರದ ಕೆಳಗೆ ನಿಂತು ಫೋಟೋ ತೆಗೆಸಿಕೊಂಡಿದ್ದೆ" ಎಂದಳು. ಅವಳ ಕಣ್ಣು ಕೆಂಪಾಗಿತ್ತು.

ಶೇಷಾದ್ರಿಗೆ ಈಗ ನಿಜವಾಗಿಯೂ ಸಂಕಟವಾಯಿತು. "ಗುನಿಲ್ಲಾ, ನಾನು ಆ ಕೇಸಿನಲ್ಲಿ ಇರಲೇ ಇಲ್ಲ."

"ನೀನೇ ಹೇಳಿದ್ದನ್ನು ಐದು ಸಲ ನೋಡಿದ್ದೇನೆ."

"ಸುಮ್ಮನೆ ಹೇಳಿದೆ."

"ತಪ್ಪು ತೀರ್ಪು ಕೊಟ್ಟೆ, ಹೋಗಲಿ. ಈಗ ಹೆದರಿ ಇಲ್ಲ ಎನ್ನುತ್ತೀಯಲ್ಲ" ಎಂದು ಅವಳು ಹೊರಟುಹೋದಳು. ಯಂತ್ರದಲ್ಲಿದ್ದ ಹಾಸಿಗೆ ಬಟ್ಟೆ ಅವಳದೇ ಇರಬೇಕೆಂದು ಅವನಿಗೆ ಆಮೇಲೆ ಹೊಳೆಯಿತು.

ಒಗೆಯದ ಬಟ್ಟೆ ಹೊತ್ತು ಮೇಲೆ ಬಂದರೆ ಮನೆಯ ಬಾಗಿಲ ಮುಂದೆ ಯಾರೋ ಓಕ್ ಕಾಯಿಗಳನ್ನು ಸುರಿದಿದ್ದರು. ಒಂದೆರಡಲ್ಲ, ಒಂದು ಮೊರದಷ್ಟು. ಬುಟ್ಟಿ ಅಡ್ಡವಾಗಿ ಕಾಣಲಿಲ್ಲ. ಗೋಲಿಗಳ ಮೇಲೆ ಕಾಲಿಟ್ಟವನಂತೆ ಜಾರಿ, ಬಟ್ಟೆ ಸಮೇತ ಕುಕ್ಕರಿಸಿದ. ಎದುರು ಮನೆಯ ಬಾಗಿಲು ಅರ್ಧ ತೆರೆದು, ನೋಡಿ, ಮುಚ್ಚಿಕೊಂಡಿತು.

ಕೂತಲ್ಲೇ ಫೋನ್ ಬಂತು. ಮಗಳು ದೀಪ್ತಿ, ಉಪ್ಸಾಲಾದಲ್ಲಿ ಕಾನೂನು ಓದುತ್ತಿದ್ದವಳು.

"ಪಪ್ಪಾ, ಆರ್ ಯು ಸೀರಿಯಸ್? ನೀವು ಕ್ಯಾಮೆರಾ ಮುಂದೆ ನೆಮ್ದೆಮಾನ್ ಅಂತ ಹೇಳಿದ್ರಾ?"

"ಬಾಯಿ ತಪ್ಪಿ ಬಂತು ಪುಟ್ಟಿ."

"ಇಟ್ಸ್ ಎ ಕ್ರೈಮ್, ಪಪ್ಪಾ. ಅಧಿಕಾರ ಇಲ್ದೆ ಇದೆ ಅಂತ ಹೇಳ್ಕೊಳ್ಳೋದು. ಫೈನ್ ಆಗ್ಬಹುದು, ಆರು ತಿಂಗಳು ಜೈಲೂ ಆಗ್ಬಹುದು."

"ಆರು ತಿಂಗಳಾ?"

"ಜೈಲು ಆಗಲ್ಲ ಬಿಡಿ. ಬಟ್ ಯಾರಾದ್ರೂ ಪೊಲೀಸ್ ಕಂಪ್ಲೇಂಟ್ ಕೊಟ್ರೆ ನಿಮ್ಮ ಸಿಟಿಜನ್‌ಶಿಪ್ ಅಷ್ಟೇ. ಇನ್ನೆಷ್ಟು ವರ್ಷ ಕೂತ್ಕೋಬೇಕೋ. ಬದರಿ ಅಂಕಲ್‌ಗೆ ಹೇಳಿ, ಅವರೇ ನಿಜವಾದ ನೆಮ್ದೆಮಾನ್ ಅಂತ ಆ ಚಾನೆಲ್‌ಗೆ ಈಗಲೇ ಫೋನ್ ಮಾಡ್ಲಿ. ಲ್ಯಾಂಗ್ವೇಜ್ ಪ್ರಾಬ್ಲಮ್, ಏನೋ ಕನ್‌ಫ್ಯೂಷನ್ ಆಯ್ತು ಅಂತ ಮುಗಿಸಿಬಿಡಿ. ಕಂಪ್ಲೇಂಟ್ ಬೀಳೋದಕ್ಕೆ ಮುಂಚೆ."

ಲೋಕದಲ್ಲಿ ಯಾರ ಮುಂದೆ ಬೇಕಾದರೂ ಕೈ ಮುಗಿಯಲು ಶೇಷಾದ್ರಿ ಸಿದ್ಧನಿದ್ದ, ಒಬ್ಬನನ್ನು ಬಿಟ್ಟು. ಆ ಒಬ್ಬನ ಮನೆಗೇ ಈಗ ಹೋಗಬೇಕಾಗಿತ್ತು. ಲಿಫ್ಟಿನಲ್ಲಿ ಜನರಿರುತ್ತಾರೆಂದು ಮೆಟ್ಟಿಲು ಹತ್ತಿದ.

ಬಾಗಿಲು ತೆಗೆದವಳು ಬದರಿನಾಥನ ಹೆಂಡತಿ ಪದ್ಮಿನಿ. "ಬನ್ನಿ ಬನ್ನಿ. ಇಬ್ರೂ ಒಂದೇ ಪೀಠದಲ್ಲಿ ಕೂತಿದ್ರಂತೆ, ಇವ್ರು ಮನೇಲಿ ಒಂದು ಮಾತು ಹೇಳ್ಲಿಲ್ಲ ನೋಡಿ. ಮೂರು ವಾರ ಬುತ್ತಿ ಕಟ್ಟಿದೀನಿ, ಗೊತ್ತಿದ್ರೆ ನಿಮಗೂ ಒಂದು ಡಬ್ಬಿ ಕಳಿಸ್ತಿದ್ದೆ" ಎಂದು ಕಾಫಿ ಮಾಡಲು ಹೋದಳು.

ಬದರಿನಾಥ ಹಾಲ್‌ನಲ್ಲಿ ಟೈ ಬಿಚ್ಚದೆ ಕೂತಿದ್ದ. ಶೇಷಾದ್ರಿಯನ್ನು ಕಂಡು ಎದ್ದು ನಿಲ್ಲಲಿಲ್ಲ, ಕೂತುಕೊಳ್ಳಿ ಎಂದೂ ಹೇಳಲಿಲ್ಲ. ನಿಂತೇ ಶೇಷಾದ್ರಿ ಎಲ್ಲವನ್ನೂ ಒಪ್ಪಿಸಿದ. ಆರತಿಯ ಫೋಟೋದ ವಿಷಯವನ್ನೂ ಮುಚ್ಚಿಡಲಿಲ್ಲ. "ನನಗೆ ನಿಮ್ಮ ಮೇಲೆ ಹೊಟ್ಟೆಕಿಚ್ಚು ಸರ್. ಅದಕ್ಕೇ ಹೇಳ್ಬಿಟ್ಟೆ. ಈಗ ನೀವೇ ಕಾಪಾಡ್ಬೇಕು. ಓಕ್ ಕೇಸಿನ ಜಡ್ಜ್ ನಾನು, ಅವರಲ್ಲ ಅಂತ ಒಂದು ಫೋನ್ ಮಾಡಿ."

ಬದರಿನಾಥ ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದ. "ಹೇಗ್ರೀ ಮಾಡ್ಲಿ? ನಾನೂ ಆ ಕೇಸಲ್ಲಿ ಇರ್ಲಿಲ್ಲ."

ಶೇಷಾದ್ರಿಗೆ ಅರ್ಥವಾಗಲಿಲ್ಲ. "ಟೈ ಕಟ್ಕೊಂಡು ಹೋಗ್ತಿದ್ರಲ್ಲ?"

"ಲೈಬ್ರರಿಗೆ. ಮೂರು ವಾರ ರಜ ಹಾಕಿ ಲೈಬ್ರರೀಲಿ ಕೂತು ಬುತ್ತಿ ತಿಂದು ಬಂದಿದೀನಿ. ನನ್ನನ್ನ ಕರೆಯೋದು ವರ್ಷಕ್ಕೆ ಏಳೆಂಟು ಸಲ, ಅದೂ ಸೈಕಲ್ ಕಳ್ಳತನಕ್ಕೆ. ಗಣೇಶನ ಹಬ್ಬದಲ್ಲಿ ಆ ಚಿರಂತನ್ ಓಕ್ ಕೇಸಾ ಅಂತ ಕೇಳ್ದ. ನಾನು ಹೇಳೋ ಹಾಗಿಲ್ಲ ಅಂದೆ. ಅದು ನಿಜಾನೇ ತಾನೆ? ಆಮೇಲೆ ಜನ ಸುಮ್ನೆ ಬಿಡ್ತಾರಾ, ದಿನಾ ಹೊರಡಲೇಬೇಕಾಯ್ತು."

ಇಷ್ಟು ದಿನ ತಾನು ಬೆಂದದ್ದು ಒಂದು ಸೈಕಲ್ ಕಳ್ಳತನಕ್ಕಾಗಿ ಎಂದು ತಿಳಿದು ಶೇಷಾದ್ರಿಗೆ ಅಳು ಬಂದ ಹಾಗಾಯಿತು. ಆದರೂ ಆಸೆ ಬಿಡಲಿಲ್ಲ. "ಹೋಗ್ಲಿ ಸರ್. ನೀವೂ ಸುಮ್ಮನಿರಿ, ನಾನೂ ಸುಮ್ಮನಿರ್ತೀನಿ. ಪೊಲೀಸ್ ಕಂಪ್ಲೇಂಟ್ ಒಂದು ಬೀಳದಿದ್ರೆ ಸಾಕು, ನನ್ನ ಪೌರತ್ವ ಉಳಿಯತ್ತೆ."

ಬದರಿನಾಥ ತಲೆ ಎತ್ತಲಿಲ್ಲ. ಟೈನ ತುದಿಯನ್ನು ಸುತ್ತುತ್ತಾ, ಬಿಚ್ಚುತ್ತಾ ಕೂತ.

"ಕಂಪ್ಲೇಂಟ್ ಬಿದ್ದಿದೆ" ಎಂದ ಕೊನೆಗೆ.

"ಯಾರು ಕೊಟ್ರು?"

"ಎರಡು ಗಂಟೆಗೆ ಕೊಟ್ಟೆ."

"ನೀವಾ? ನೀವೂ ಸುಳ್ಳೇ ಹೇಳ್ಕೊಂಡು ಓಡಾಡಿದ್ರಲ್ಲ ಸರ್!"

"ನಾನು ಹೇಳಿದ್ದು ಸಂಘದಲ್ಲಿ, ಅದೂ ಹೇಳಲ್ಲ ಅಂತ ಹೇಳಿದ್ದು. ನೀವು ಹೇಳಿದ್ದು ಕ್ಯಾಮೆರಾಗೆ." ಬದರಿನಾಥ ಟೈನ ತುದಿ ಕೈಬಿಟ್ಟ. "ಮೂರು ವಾರ ಕಷ್ಟಪಟ್ಟವನು ನಾನು. ಕಿಟಕೀಲಿ ಆ ಹುಡುಗೀನ ನೋಡಿ ತಲೆ ಬಾಚ್ಕೊಂಡು ಬಾಗಿಲ ಹತ್ರ ಕಾಯ್ತಾ ನಿಂತಿದ್ದೆ. ನೀವು ಕಸ ಹಾಕೋಕೆ ಹೋಗಿ ಮೂರು ನಿಮಿಷದಲ್ಲಿ ಹೊಡ್ಕೊಂಡ್ಬಿಟ್ರಿ. ಹೊಟ್ಟೆ ಉರಿಯಲ್ವೇನ್ರೀ?"

ಶೇಷಾದ್ರಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಈ ನೋವಿನ ಒಂದೊಂದು ಎಳೆಯೂ ಅವನಿಗೆ ಗೊತ್ತಿತ್ತು. ಬದರಿನಾಥನ ಜಾಗದಲ್ಲಿ ತಾನಿದ್ದಿದ್ದರೆ ಎರಡು ಗಂಟೆಯವರೆಗೆ ಕಾಯುತ್ತಲೂ ಇರಲಿಲ್ಲ ಎಂಬುದೂ ಗೊತ್ತಿತ್ತು. ಮೊದಲ ಬಾರಿಗೆ ಅವನು ಆ ಮನೆಯ ಸೋಫಾದಲ್ಲಿ, ಬದರಿನಾಥನ ಪಕ್ಕದಲ್ಲಿ, ಹೇಳಿಸಿಕೊಳ್ಳದೆ ಕೂತ.

ಫೋನ್ ಬಡಿದುಕೊಂಡಿತು. ಶಾರದಾಳ ದನಿ ಬದರಿನಾಥನಿಗೂ ಕೇಳುವಷ್ಟು ಜೋರಾಗಿತ್ತು. "ರೀ, ಆ ಚಾನೆಲ್ ಹುಡುಗಿ ಮತ್ತೆ ಬಂದಿದಾಳೆ, ಈ ಸಲ ಇನ್ನೂ ನಾಲ್ಕು ಜನ ಇದಾರೆ. ತೀರ್ಪಲ್ಲಿ ನಿಮ್ಮ ಹೆಸರೇ ಇಲ್ವಂತೆ. ಸುಳ್ಳು ಜಡ್ಜ್ ಎಲ್ಲಿ, ಮಾತಾಡ್ಬೇಕು ಅಂತಿದಾರೆ. ಏನು ಹೇಳ್ಲಿ?"

"ಬರ್ತೀನಿ ಅಂತ ಹೇಳು" ಎಂದು ಶೇಷಾದ್ರಿ ಎದ್ದ.

ಬದರಿನಾಥನೂ ಎದ್ದಿದ್ದ. ಟೈ ಸರಿಮಾಡಿಕೊಳ್ಳುತ್ತಾ, "ಕಂಪ್ಲೇಂಟ್ ಕೊಟ್ಟವರು ಯಾರು ಅಂತ ಏನಾದ್ರೂ ಕೇಳಿದ್ರಾ?" ಎಂದ.

"ಇಲ್ಲ" ಎಂದ ಶೇಷಾದ್ರಿ. "ನನ್ನೊಬ್ಬನನ್ನೇ ಕೇಳ್ತಿದಾರೆ."

ಪೌರತ್ವ ಕೈತಪ್ಪಿದ ಆ ದಿನ, ಮೆಟ್ಟಿಲಿಳಿದು ಹೋಗುವಾಗ, ಅವನಿಗೆ ಸ್ವಲ್ಪ ಸಮಾಧಾನವೆನಿಸಿತು.