ಇಪ್ಪತ್ತಾರು ಡಿಗ್ರಿ ಸಮುದ್ರ

ಅಳೆಯುವ ಕೆಲಸಕ್ಕೆ ಸೇರಿದವನಿಗೆ ಇಂಥ ಫಜೀತಿಗಳು ಆಗುತ್ತಲೇ ಇರುತ್ತವೆ. ನನಗೆ ಒಂದೇ ಚಳಿಗಾಲದಲ್ಲಿ, ಒಂದೇ ತೊಟ್ಟಿ ನೀರಿನಿಂದ, ನಾಲ್ಕು ತಾಲ್ಲೂಕುಗಳಲ್ಲಿ ಆದವು.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಬಿ.ಎಸ್ಸಿ. ಮುಗಿಸಿ, ಶಾಲೆಯಿಂದ ಶಾಲೆಗೆ ಹೋಗುವ ವಿಜ್ಞಾನ ಪ್ರದರ್ಶನದ ವ್ಯಾನಿಗೆ ಹಂಗಾಮಿ ಸಹಾಯಕನಾಗಿ ಸೇರಿದ್ದೆ. ವ್ಯಾನಿನಲ್ಲಿ ಒಂದು ಅಸ್ಥಿಪಂಜರ, ಒಂದು ದೂರದರ್ಶಕ, ಒಂದು ಗಾಜಿನ ತೊಟ್ಟಿ, ಅದಕ್ಕೊಂದು ಕರೆಂಟ್ ಹೀಟರ್. ತೊಟ್ಟಿಯಲ್ಲಿ ಮಂಗಳೂರಿನಿಂದ ಕ್ಯಾನುಗಳಲ್ಲಿ ತಂದ ಸಮುದ್ರದ ನೀರು. ಅದರಲ್ಲಿ ಕಿತ್ತಳೆ ಬಣ್ಣದ ಎರಡು ಮೀನು, ಮೈಮೇಲೆ ಬೆನ್ನಿಂದ ಹೊಟ್ಟೆಗೆ ಮೂರು ಮೂರು ಬಿಳಿ ಪಟ್ಟೆ.

ಹೊರಡುವ ದಿನ ಮೇಲಧಿಕಾರಿಗಳು ಕರೆದು ಹೇಳಿದರು: "ನೀರು ಇಪ್ಪತ್ತಾರು ಡಿಗ್ರಿ ಇರಬೇಕು. ಕೊನೇ ಊರು ಪಾವಗಡ. ಅಲ್ಲಿಗೆ ನಾನೇ ಬಂದು ನೋಡ್ತೀನಿ. ಎರಡೂ ಮೀನು ಬದುಕಿದ್ರೆ ನಿನ್ನ ಹುದ್ದೆ ಇನ್ನೊಂದು ವರ್ಷ. ಇಲ್ಲದಿದ್ರೆ ಮೀನಿನ ಜೊತೆ ನೀನೂ."

ಹುದ್ದೆಯ ಬಗ್ಗೆಯೇ ಹೇಳಿದ್ದು ಎಂದುಕೊಂಡೆ.

ನನ್ನ ಜೊತೆಗಿದ್ದ ಅಟೆಂಡರು ಚನ್ನರಾಯನದುರ್ಗದ ಕಡೆಯವರು, ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಮೀನನ್ನು ಬಹಳ ಹೊತ್ತು ನೋಡಿ, "ನೆಟ್ಟಗೆ ಈಜೋವಾಗ ನಾಮ, ಮೂತಿ ಕೆಳಗಾದ್ರೆ ವಿಭೂತಿ. ವಿಭೂತಿ ಆಗ್ದಂಗೆ ನೋಡ್ಕಂಡ್ರೆ ಆಯ್ತು ಬುಡಿ ಸಾ" ಎಂದರು. ನನ್ನ ಕೆಲಸವನ್ನು ಅಷ್ಟು ಸ್ಪಷ್ಟವಾಗಿ ಬೇರೆ ಯಾರೂ ವಿವರಿಸಲಿಲ್ಲ.

ಮಧುಗಿರಿ: ಮೂವರ ಪಂಚಾಯಿತಿ

ನಮಗೆ ಮೂರು ಥರ್ಮಾಮೀಟರ್ ಕೊಟ್ಟಿದ್ದರು. ಮೂರನ್ನೂ ತೊಟ್ಟಿಗೆ ಇಳಿಬಿಟ್ಟೆ. ಒಂದು ಇಪ್ಪತ್ತಮೂರು ಎಂದಿತು, ಒಂದು ಇಪ್ಪತ್ತಾರು, ಒಂದು ಇಪ್ಪತ್ತೊಂಬತ್ತು.

"ಮಧ್ಯದೋನ ಮಾತು ಕೇಳಿ ಸಾ" ಎಂದರು ಅಟೆಂಡರು. "ಪಂಚಾಯ್ತೀಲಿ ಯಾವಾಗ್ಲೂ ಮಧ್ಯದೋನೇ ಸರಿ."

"ಅದು ವಿಜ್ಞಾನ ಅಲ್ಲಣ್ಣ."

ಎರಡು ದಿನ ಗಂಟೆಗೊಮ್ಮೆ ಬರೆದಿಟ್ಟೆ. ಇಪ್ಪತ್ತಮೂರು ಎಂದದ್ದು ಮಧ್ಯಾಹ್ನ ಇಪ್ಪತ್ತೆಂಟು ಎಂದಿತು. ಇಪ್ಪತ್ತೊಂಬತ್ತು ಎಂದದ್ದು ಇಪ್ಪತ್ತೆರಡಕ್ಕೆ ಇಳಿಯಿತು. ಇಷ್ಟು ಸುಳ್ಳು ಎಂದು ಕಳೆದುಬಿಡೋಣವೆಂದರೆ ಸುಳ್ಳಿಗೂ ಒಂದು ಲೆಕ್ಕವಿರಲಿಲ್ಲ. ಕೊನೆಗೆ ಐಸ್ ಕ್ಯಾಂಡಿ ಅಂಗಡಿಯಿಂದ ಐಸ್ ತರಿಸಿ, ಪಕ್ಕದ ಹೋಟೆಲಿನಿಂದ ಕುದಿಯುವ ನೀರು ತರಿಸಿ, ಪುಸ್ತಕದಲ್ಲಿ ಇರುವಂತೆ ಪರೀಕ್ಷೆ ಮಾಡಿದೆ. ಮಧ್ಯದ್ದೇ ಸರಿ ಎಂದು ಸಾಬೀತಾಯಿತು.

"ನಾನ್ ಏಳ್ಲಿಲ್ವಾ?" ಎಂದು ಅಟೆಂಡರು ಖುಷಿಯಿಂದ ಅದನ್ನು ಕುದಿಯುವ ನೀರಿನಿಂದ ತೆಗೆದು, ಆರಲಿ ಎಂದು ಐಸಿಗೆ ಚುಚ್ಚಿದರು. ಟಿಕ್ ಎಂದಿತು.

ಆ ದಿನದ ವರದಿಯಲ್ಲಿ ಬರೆದೆ: ಮೂರರಲ್ಲಿ ಸರಿಯಾದದ್ದು ಯಾವುದೆಂದು ಖಚಿತಪಡಿಸಿಕೊಳ್ಳಲಾಗಿದೆ. ಅದು ಒಡೆದಿದೆ.

ಕೊರಟಗೆರೆ: ನೂರಾ ಎರಡು

ಒಡೆದ ತಪ್ಪು ಅಟೆಂಡರನ್ನು ಕೊರೆಯುತ್ತಿತ್ತು. ಕೊರಟಗೆರೆಯಲ್ಲಿ ನಾನು ಊಟಕ್ಕೆ ಹೋಗಿದ್ದಾಗ, ಪರಿಚಯದ ಕಾಂಪೌಂಡರ್ ಒಬ್ಬರಿಂದ ಜ್ವರ ನೋಡುವ ಥರ್ಮಾಮೀಟರ್ ತಂದು ತೊಟ್ಟಿಗೆ ಹಾಕಿದ್ದಾರೆ.

ನಾನು ಬರುವಷ್ಟರಲ್ಲಿ ಹೀಟರ್ ಬಂದ್ ಆಗಿತ್ತು. ತೊಟ್ಟಿಯ ಸುತ್ತ ಒದ್ದೆ ಟವೆಲ್ ಪಟ್ಟಿ ಕಟ್ಟಿತ್ತು. ಅಟೆಂಡರು ಪಕ್ಕದಲ್ಲಿ ನಿಂತು ಬೀಸಣಿಗೆ ಬೀಸುತ್ತಿದ್ದರು.

"ಏನಣ್ಣ ಇದು?"

"ಸದ್ದು ಮಾಡ್ಬೇಡಿ ಸಾ. ನೂರಾ ಎರಡು ಐತೆ."

ಈ ಥರ್ಮಾಮೀಟರನ್ನು ಕೊಡವದಿದ್ದರೆ ಪಾದರಸ ಕೆಳಗೆ ಇಳಿಯುವುದಿಲ್ಲ, ಅದು ಹಿಂದಿನ ರೋಗಿಯ ಜ್ವರ ಎಂದು ವಿವರಿಸಿದೆ. ಕೊಡವಿ ಮತ್ತೆ ನೀರಿಗೆ ಹಾಕಿದೆ. ಪಾದರಸ ತಳದಿಂದ ಮೇಲೇಳಲೇ ಇಲ್ಲ. ಮನುಷ್ಯರ ಮೈಬಿಸಿಗಿಂತ ತಣ್ಣಗಿರುವುದನ್ನು ಅದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಅಟೆಂಡರ ಮುಖ ಸಪ್ಪಗಾಯಿತು. "ಇಷ್ಟೊತ್ತು ಜ್ವರನಾದ್ರೂ ಇತ್ತು. ಈಗ ಅದೂ ಇಲ್ಲ. ಓಗ್ಬುಟ್ವಾ ಸಾ?"

ಸಂಜೆ ಹಿಂತಿರುಗಿಸಲು ಹೋದಾಗ ಕಾಂಪೌಂಡರ್ ಕಾಳಜಿಯಿಂದ ಕೇಳಿದರು, "ಪೇಷೆಂಟ್ ಹೆಂಗವ್ನೆ?"

"ಈಜ್ತಾವ್ನೆ" ಎಂದರು ಅಟೆಂಡರು.

ಸಿರಾ: ಕರೆಂಟ್ ಬದ್ಮಾಷ್

ಸಿರಾದಲ್ಲಿ ರೇಡಿಯೋ ರಿಪೇರಿ ಮಾಡುವ ಭಾಯಿ ಒಬ್ಬರು ನಮ್ಮ ಕಷ್ಟ ಕೇಳಿ, ಬಟಾಣಿ ಗಾತ್ರದ ಒಂದು ಬಿಡಿಭಾಗಕ್ಕೆ ಎರಡು ತಂತಿ ಬೆಸೆದು, ಮೇಲೆ ಮೇಣ ಮೆತ್ತಿದರು. ಇನ್ನೊಂದು ತುದಿಗೆ ಹಳೆಯ ಟೇಪ್ ರೆಕಾರ್ಡರಿನ ಮುಳ್ಳು, ಅದರ ಹಿಂದೆ ಡಿಗ್ರಿ ಬರೆದ ಕಾಗದ. "ಬೇಫಿಕರ್ ಇರಿ ಸಾರ್. ಕರೆಂಟ್ ಮೇಲೆ ನಡೆಯೋ ಮಿಷನ್ನು. ಸುಳ್ಳು ಹೇಳೋ ಆದತ್ ಇಲ್ಲ ಇದಕ್ಕೆ."

ಮುಳ್ಳು ಚೆನ್ನಾಗಿಯೇ ಆಡಿತು. ಆದರೆ ದಿನವೂ ಬೆಳಿಗ್ಗೆ ಹತ್ತಕ್ಕೆ ನೀರು ಇದ್ದಕ್ಕಿದ್ದಂತೆ ಮೂರು ಡಿಗ್ರಿ ತಣ್ಣಗಾಗುತ್ತಿತ್ತು. ಹನ್ನೊಂದೂವರೆಗೆ ಇನ್ನೂ ಎರಡು. ಒಂದು ಗಂಟೆಗೆ ಎಲ್ಲ ಸರಿ. ನಾನು ಹತ್ತಕ್ಕೆ ಹೀಟರ್ ಹಾಕುವುದು, ಒಂದಕ್ಕೆ ತೆಗೆಯುವುದು. ಗ್ರಾಫ್ ಬರೆದೆ. ಸಮುದ್ರದ ಉಬ್ಬರವಿಳಿತ ನೀರಿನ ಜೊತೆಗೇ ಬಂದಿರಬಹುದೇ ಎಂದೂ ಒಂದು ಕ್ಷಣ ಯೋಚಿಸಿದೆ. ಓದಿದವರಿಗೆ ಇಂಥ ಯೋಚನೆ ಬರುತ್ತದೆ.

ನಾಲ್ಕನೇ ದಿನ ಮುಳ್ಳು ಅಲ್ಲಾಡಲಿಲ್ಲ. ಅಟೆಂಡರು ಕಿಟಕಿಯಿಂದ ಆಚೆ ನೋಡಿ, "ಇವತ್ತು ಮಿಲ್ಲು ರಜಾ ಸಾ" ಎಂದರು.

ಶಾಲೆಯ ಗೋಡೆಗೆ ಅಂಟಿಕೊಂಡೇ ಹಿಟ್ಟಿನ ಮಿಲ್ಲು ಇತ್ತು. ಅದು ಶುರುವಾದರೆ ಕರೆಂಟ್ ಕುಗ್ಗುತ್ತಿತ್ತು. ಕರೆಂಟ್ ಕುಗ್ಗಿದರೆ ಮುಳ್ಳು ಇಳಿಯುತ್ತಿತ್ತು. ಭಾಯಿಯನ್ನು ಕರೆಸಿದೆ. ಅವರು ಬಗ್ಗಿ, ಎದ್ದು, ತೀರ್ಪು ಕೊಟ್ಟರು: "ಮಿಷನ್ ಶರೀಫ್ ಐತೆ ಸಾರ್. ಕರೆಂಟ್ ಬದ್ಮಾಷ್."

ಮತ್ತೂ ಎರಡು ದಿನ ಗಮನಿಸಿದೆ. ರಾಗಿಗೆ ಮೂರು ಡಿಗ್ರಿ, ಮೆಣಸಿನಕಾಯಿಗೆ ಐದು. ಮಿಲ್ಲಿನಲ್ಲಿ ಏನು ಬೀಸುತ್ತಿದ್ದಾರೆಂದು ಆ ಯಂತ್ರ ಒಳಗೇ ಕೂತು ನಿಖರವಾಗಿ ಹೇಳುತ್ತಿತ್ತು. ನೀರಿನ ಬಿಸಿ ಒಂದನ್ನು ಬಿಟ್ಟು.

ಪಾವಗಡ: ಮೊಣಕೈ

ಪಾವಗಡ ಮುಟ್ಟಿದ ಮರುದಿನ ಬೆಳಿಗ್ಗೆ ಒಂದು ಮೀನು ಓರೆಯಾಗಿ ತಳಕ್ಕೆ ಕೂತಿತ್ತು. ವಿಭೂತಿಗೆ ಇನ್ನು ಸ್ವಲ್ಪವೇ ಬಾಕಿ. ಹನ್ನೊಂದಕ್ಕೆ ಮೇಲಧಿಕಾರಿಗಳು ಬರುವವರಿದ್ದರು. ಮುಳ್ಳು ಇಪ್ಪತ್ತೇಳು ಎನ್ನುತ್ತಿತ್ತು. ಅನುಮಾನಪಡಲು ಹತ್ತಿರದಲ್ಲಿ ಮಿಲ್ಲೂ ಇರಲಿಲ್ಲ.

ಸಮುದ್ರ ಬಂದಿದೆಯಂತೆ ಎಂದು ನೋಡಲು ಒಬ್ಬ ಅಜ್ಜಿ ಬಂದರು. ಊರಿನ ಬಾಣಂತಿ ಮನೆಗಳಲ್ಲಿ ಕೂಸುಗಳಿಗೆ ನೀರು ಹಾಕುವವರು. ನಾನು ಬೇಡ ಎನ್ನುವುದರೊಳಗೆ ಸೆರಗು ಸಿಕ್ಕಿಸಿ ಮೊಣಕೈಯನ್ನು ತೊಟ್ಟಿಗೆ ಅದ್ದಿದರು.

"ಅಯ್ಯೋ ನಾಯನಾ! ಈ ತಣ್ಣೀರಲ್ಲಿ ಬಿಡ್ಡಗಳ್ನ ಬುಡ್ತಾರೇನಪ್ಪಾ?"

"ಮಿಷನ್ನು ಇಪ್ಪತ್ತೇಳು ತೋರಿಸ್ತಿದೆ ಅಜ್ಜಿ."

"ಅದು ಎಷ್ಟು ಮಕ್ಕಳ್ಗೆ ನೀರು ಹಾಕೈತೆ?"

ಯಂತ್ರವನ್ನು ಪಕ್ಕಕ್ಕಿಟ್ಟೆ. ಅಟೆಂಡರಿಗೆ ಹೀಟರಿನ ಸ್ವಿಚ್ಚು, ಅಜ್ಜಿಗೆ ತೊಟ್ಟಿ. "ಕೂಸಿಗೆ ಹಾಕೋವಷ್ಟು ಬಿಸಿ ಬೇಡ. ದಿನಾಲೂ ನೀರಲ್ಲೇ ಬಿದ್ದಿರೋವು. ಅದರಲ್ಲಿ ಅರ್ಧ" ಎಂದು ಅವರೇ ತೀರ್ಮಾನ ಮಾಡಿದರು. ಮುಕ್ಕಾಲು ಗಂಟೆ ಕಳೆಯಿತು. ಓರೆಯಾಗಿದ್ದ ಮೀನು ನೆಟ್ಟಗಾಯಿತು. ಆಮೇಲೆ ಎರಡೂ ಒಟ್ಟಿಗೆ ಒಂದು ಸುತ್ತು ಹಾಕಿದವು. ನಾನು ಬಹಳ ದಿನಗಳ ನಂತರ ಪೂರ್ತಿ ಉಸಿರು ಬಿಟ್ಟೆ.

"ಚಾಲು" ಎಂದರು ಅಜ್ಜಿ.

"ಚಾಲೂನೇ ಐತೆ ಬುಡಜ್ಜಿ" ಎಂದರು ಅಟೆಂಡರು, ಸ್ವಿಚ್ಚಿನ ಮೇಲೆ ಕೈಯಿಟ್ಟುಕೊಂಡು.

"ಚಾಲು ನಾಯನಾ, ಚಾಲು!"

"ಆಗ್ಲಿಂದ್ಲೂ ಚಾಲೂ ಇಟ್ಟಿವ್ನಿ ಕಣಜ್ಜಿ!"

ಪಾವಗಡದ ಕಡೆ ಅರ್ಧ ಮಾತು ತೆಲುಗು. ತೆಲುಗಿನಲ್ಲಿ ಚಾಲು ಎಂದರೆ ಸಾಕು. ಇದು ನನಗೆ ಹೊಳೆಯುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಹೊಳೆದ ಗಳಿಗೆಯಲ್ಲೇ ಮೇಲಧಿಕಾರಿಗಳು ಒಳಗೆ ಬಂದರು.

ಬಿಸಿ ಏರಿದ್ದರಿಂದ ಮೀನುಗಳು ತೊಟ್ಟಿಯ ಈ ಗೋಡೆಯಿಂದ ಆ ಗೋಡೆಗೆ ಬಾಣದಂತೆ ಓಡುತ್ತಿದ್ದವು. ಅವರು ಬೆರಗಾಗಿ ನಿಂತರು. "ಭೇಷ್! ಸಮುದ್ರದಲ್ಲೂ ಇಷ್ಟು ಚುರುಕಾಗಿ ಇರೋದಿಲ್ಲ." ಕೈಚೀಲದಿಂದ ನನ್ನ ಫೈಲ್ ತೆಗೆದರು. ಪೆನ್ನಿನ ಮುಚ್ಚಳ ತೆಗೆದು, ಎಲ್ಲರಿಗೂ ಕೇಳುವಂತೆ, "ಹಾಗಾದ್ರೆ ಈ ಹುಡುಗನ ಹುದ್ದೆ ಏನು ಮಾಡೋಣ?" ಎಂದರು.

ಅಜ್ಜಿ ಅವರತ್ತ ತಿರುಗಿಯೂ ನೋಡಲಿಲ್ಲ. ಮೊಣಕೈ ನೀರಿನಲ್ಲಿತ್ತು, ದನಿ ಹಜಾರ ಪೂರ್ತಿ ತುಂಬಿತು. "ಚಾಲು! ಚಾಲು! ಚಾಲು!"

"ಯಾರಿವರು?"

"ಈ ಊರಿನ ಇರೀಕರು ಸಾ" ಎಂದರು ಅಟೆಂಡರು. "ಚಾಲೂ ಇಡಿ ಅಂತಾವ್ರೆ."

"ಜನಾಭಿಪ್ರಾಯ ಬಂದ ಮೇಲೆ ನಾನು ಯಾರು?" ಎಂದು ಮೇಲಧಿಕಾರಿಗಳು ಫೈಲಿನ ಮೇಲೆ ದೊಡ್ಡ ಅಕ್ಷರದಲ್ಲಿ 'ಹುದ್ದೆ ಚಾಲು' ಎಂದು ಬರೆದು ಸಹಿ ಮಾಡಿದರು. ನಾನು ಒಂದು ಕೈಯಲ್ಲಿ ನಮಸ್ಕಾರ ಮಾಡಿ ಇನ್ನೊಂದು ಕೈಯಲ್ಲಿ ಪ್ಲಗ್ ಕಿತ್ತೆ.

ಅವರ ಜೀಪು ಹೊರಟುಹೋಯಿತು. ಮೀನುಗಳ ಓಟವೂ ನಿಧಾನವಾಯಿತು. ಅಜ್ಜಿ ಕೈ ಒರೆಸಿಕೊಳ್ಳುತ್ತ ಕೇಳಿದರು, "ನಿನ್ನ ಕೆಲಸದ ವಿಷ್ಯ ಏನು ಬರೆದ್ರು ನಾಯನಾ, ಆ ಯಪ್ಪ?"

"ಚಾಲು ಅಂತ ಬರೆದ್ರು ಅಜ್ಜಿ."

ಅಜ್ಜಿ ಸೆರಗು ಬಾಯಿಗೆ ಹಿಡಿದು, ನನ್ನ ತಲೆ ಸವರಿದರು. "ಅಳಬ್ಯಾಡ ಬುಡಪ್ಪಾ. ಬ್ಯಾರೆ ಕಡೆ ಸಿಗ್ತೈತೆ."