ಗೆದ್ದವರಿಗೋ, ಸೋತವರಿಗೋ?

ತನ್ನ ಬೆಲೆ ಎಷ್ಟೆಂದು ಮನುಷ್ಯನಿಗೆ ಖಚಿತವಾಗಿ ತಿಳಿಯುವ ಸಂದರ್ಭಗಳು ಬಾಳಿನಲ್ಲಿ ಹೆಚ್ಚು ಬರುವುದಿಲ್ಲ. ಬರದಿರುವುದೇ ಕ್ಷೇಮ. ಮೈಸೂರಿನ ಹೈಸ್ಕೂಲಿನಲ್ಲಿ ಭೂಗೋಳ ಪಾಠ ಮಾಡಿ ನಾನು ನಿವೃತ್ತಳಾದ ದಿನ ಹಾರ ಹಾಕಿ, ಮೇಡಂ ಇಲ್ಲದ ಶಾಲೆಯನ್ನು ಊಹಿಸಲೂ ಆಗದೆಂದು ಭಾಷಣ ಮಾಡಿ, ಒಂದು ಗೋಡೆ ಗಡಿಯಾರ ಕೊಟ್ಟಿದ್ದರು. ಗಡಿಯಾರ ಎರಡನೇ ವಾರವೇ ನಿಂತುಹೋಯಿತು. ಶಾಲೆ ಚೆನ್ನಾಗಿಯೇ ನಡೆಯುತ್ತಿದೆ. ಆಗಲೇ ಬುದ್ಧಿ ಬರಬೇಕಿತ್ತು. ಬರಲಿಲ್ಲವಾದ್ದರಿಂದ ಅಮೆರಿಕಕ್ಕೆ ಬಂದು, ಇವರ ಫುಟ್‌ಬಾಲ್ ನೋಡಿ ಕಲಿಯಬೇಕಾಯಿತು.

ಮಗ ರಘು ಇರುವುದು ಶಿಕಾಗೊ ಹತ್ತಿರದ ಪ್ಲೇನ್‌ಫೀಲ್ಡ್‌ನಲ್ಲಿ. ಮಗಳು ವಾಣಿ ಮತ್ತು ಅಳಿಯ ಗಿರೀಶ ಡೆಟ್ರಾಯಿಟ್ ಕಡೆ. ನಡುವೆ ಐದು ಗಂಟೆಯ ಡ್ರೈವು. ದಸರೆ ಮುಗಿಸಿ ಬಂದ ನಾನು ಮಗನ ಮನೆಯಲ್ಲಿದ್ದೆ. ಜನವರಿಯಿಂದ ಊರಿಗೆ ಹೊರಡುವವರೆಗೆ ಎಲ್ಲಿರಬೇಕೆಂಬ ಪ್ರಶ್ನೆ ಎದ್ದಿತು. ಸೊಸೆ ಸುಮನಾಳ ಅಪ್ಪ ಅಮ್ಮ ಜನವರಿಯಲ್ಲಿ ಬರುವವರು. ಇರುವುದು ಒಂದೇ ಗೆಸ್ಟ್ ರೂಮು. ಅತ್ತ ವಾಣಿ, ಗಿರೀಶ ಇಬ್ಬರೂ ಮನೆಯಿಂದಲೇ ಕೆಲಸ ಮಾಡುವವರು. ದಿನವಿಡೀ ಮೀಟಿಂಗು, ಕುಕ್ಕರ್ ಕೂಗುವುದಕ್ಕೂ ಅವರ ಅಪ್ಪಣೆ ಬೇಕು. ಇದನ್ನು ಯಾರೂ ನನ್ನನ್ನು ಕೂರಿಸಿಕೊಂಡು ಹೇಳಲಿಲ್ಲ. ಬಾಗಿಲಾಚೆಯಿಂದ ತುಣುಕು ತುಣುಕಾಗಿ ಕಿವಿಗೆ ಬಿತ್ತು.

ಒಂದು ಭಾನುವಾರ ಬೆಳಿಗ್ಗೆ ರಘು ದೋಸೆ ತಿನ್ನುತ್ತಾ, "ಅಮ್ಮ, ಇವತ್ತು ಶಿಕಾಗೊ-ಡೆಟ್ರಾಯಿಟ್ ಮ್ಯಾಚು. ನಾನೂ ಗಿರೀಶೂ ಬೆಟ್ ಕಟ್ಟಿದೀವಿ. ದುಡ್ಡಲ್ಲ, ನಿನ್ ಮೇಲೆ! ಏಪ್ರಿಲ್ ತನಕ ನೀನು ಯಾರ ಮನೇಲಿರ್ತೀಯ ಅಂತ" ಎಂದು ನಕ್ಕ. ನಾನೂ ನಕ್ಕೆ. ಒಳಗೊಳಗೇ ಬೀಗಿದೆ ಕೂಡ. ನನ್ನ ಕಾಲದಲ್ಲಿ ನನ್ನನ್ನು ನೋಡಲು ಬಂದ ಎರಡು ಗಂಡಿನ ಕಡೆಯವರು ಉಪ್ಪಿಟ್ಟು ತಿಂದು, 'ತಿಳಿಸ್ತೀವಿ' ಎಂದು ಹೋದವರು ಇವತ್ತಿಗೂ ತಿಳಿಸಿಲ್ಲ. ಅಂಥವಳಿಗಾಗಿ ಈ ವಯಸ್ಸಿನಲ್ಲಿ ಎರಡು ಮಹಾನಗರಗಳು ಸೆಣಸುವುದೆಂದರೆ! ಗೆದ್ದವರು ನನ್ನನ್ನು ಇಟ್ಟುಕೊಳ್ಳುತ್ತಾರೆಂದು ನಾನೇ ತೀರ್ಮಾನಿಸಿದೆ. ಬಹುಮಾನ ಸಿಗುವುದು ಗೆದ್ದವರಿಗೋ ಸೋತವರಿಗೋ ಎಂದು ಯಾರಾದರೂ ಕೇಳುತ್ತಾರೆಯೇ?

"ಶಿಕಾಗೊ ಗೆದ್ರೆ ನೀನು ಗೆದ್ದ ಹಾಗೆ ತಾನೇ?" ಎಂದೆ.

"ಅಷ್ಟು ಸುಲಭ ಇಲ್ಲಮ್ಮ. ಈ ಸಲ ಶಿಕಾಗೊನೇ ಸ್ಟ್ರಾಂಗು. ಅದಕ್ಕೆ ನಾನು ಗಿರೀಶಂಗೆ ಮೂರೂವರೆ ಪಾಯಿಂಟ್ ಬಿಟ್ಕೊಡ್ಬೇಕು. ಶಿಕಾಗೊ ನಾಲ್ಕೋ, ಅದಕ್ಕಿಂತ ಜಾಸ್ತಿನೋ ಪಾಯಿಂಟಲ್ಲಿ ಗೆದ್ರೆ ಬೆಟ್ ನಂದು. ಮೂರಲ್ಲಿ ಗೆದ್ರೆ ನಾನು ಸೋತೆ."

"ಗೆದ್ರೂ ಸೋತ ಹಾಗಾ? ಮತ್ತೆ ಆ ಅರ್ಧ ಪಾಯಿಂಟ್ ಯಾರೋ ಹೊಡೆಯೋದು?"

"ಯಾರೂ ಹೊಡೆಯಲ್ಲಮ್ಮ. ಸಮ ಆಗ್ಬಾರ್ದು ಅಂತ ಇಟ್ಟಿರ್ತಾರೆ ಅಷ್ಟೆ."

ಯೋಚಿಸಿದರೆ ಇದರಲ್ಲಿ ಹೊಸದೇನೂ ಇಲ್ಲ. ನಮ್ಮ ಮನೆಗಳಲ್ಲಿ ಹಿರಿಸೊಸೆಗೆ ಈ ನಿಯಮ ಮೊದಲಿನಿಂದಲೂ ಇದೆ. ಅವಳು ಹಬ್ಬದಡುಗೆ ಪೂರ್ತಿ ಮಾಡಿದರೂ ಸೋಲು; ಕಿರಿಸೊಸೆ ಬಂದು ಹಪ್ಪಳ ಕರಿದರೆ ಗೆಲುವು. ಹಿರಿಸೊಸೆಯಾಗಿದ್ದ ನನಗೆ ಪಾಠ ಬೇಗ ಅರ್ಥವಾಯಿತು.

ಮಧ್ಯಾಹ್ನ ಆಟ ಶುರುವಾಯಿತು. ಫುಟ್‌ಬಾಲ್ ಎನ್ನುತ್ತಾರೆ, ಕಾಲಿಗೆ ಕೆಲಸವೇ ಕಡಿಮೆ. ಚೆಂಡನ್ನು ಮಗುವಿನಂತೆ ಅವಚಿಕೊಂಡು ಒಬ್ಬ ಓಡುತ್ತಾನೆ, ಉಳಿದವರು ಅವನ ಮೇಲೆ ಬೀಳುತ್ತಾರೆ. ಎಂದೂ ಆಟ ನೋಡದ ಸುಮನಾ ಸೋಫಾದ ಅಂಚಿನಲ್ಲಿ ಕೈಮುಗಿದು ಕೂತಿದ್ದಳು. ಈ ಹುಡುಗಿಗೆ ನನ್ನ ಮೇಲೆ ಇಷ್ಟು ಪ್ರೀತಿಯೇ ಎಂದು ಕಣ್ಣು ತುಂಬಿಬಂತು. ಕೊನೆಯ ನಿಮಿಷಕ್ಕೆ ಎರಡೂ ತಂಡಗಳು ಸಮಸಮ. ಶಿಕಾಗೊದವನೊಬ್ಬ ಬಂದು ಚೆಂಡನ್ನು ಎರಡು ಕಂಬಗಳ ನಡುವೆ ಒದ್ದ. ಮೂರು ಪಾಯಿಂಟು! ಆಟ ಮುಗಿಯಿತು. ಅರ್ಧದ ಲೆಕ್ಕವೆಲ್ಲ ಮರೆತು, ಎದ್ದು ನಿಂತು "ಗೆದ್ವಿ!" ಎಂದು ಚಪ್ಪಾಳೆ ತಟ್ಟಿದೆ. ಟಿವಿಯೊಳಗೆ ಸಾವಿರಾರು ಜನ ತಟ್ಟುತ್ತಿದ್ದರು. ಕೋಣೆಯಲ್ಲಿ ನಾನೊಬ್ಬಳೇ. ಸುಮನಾ ಹಣೆಗೆ ಕೈಯಿಟ್ಟುಕೊಂಡು ಅಡುಗೆಮನೆಗೆ ಹೋದಳು.

ಫೋನು ಬಂತು. ರಘು ಅಭ್ಯಾಸಬಲದಿಂದ ಸ್ಪೀಕರಿಗೆ ಹಾಕಿದ. "ಭಾವ, ಮೂರೇ ಪಾಯಿಂಟು! ಸೋತ್ರಲ್ಲ! ಅತ್ತೆ ಏಪ್ರಿಲ್ ತನಕ ನಿಮಗೇ. ಬೆಟ್ ಅಂದ್ರೆ ಬೆಟ್!" ಎಂದ ಗಿರೀಶ. ಹಿಂದೆ ಯಾರೋ ಕೇಕೆ ಹಾಕಿ ನಕ್ಕರು. ಯಾರೋ ಅಲ್ಲ, ವಾಣಿ. ತೊಟ್ಟಿಲಿನಿಂದ ಕೇಳಿದ ನಗು, ಗುರುತು ತಪ್ಪುವುದುಂಟೇ?

ತಟ್ಟಿದ ಕೈಗಳನ್ನು ಎಲ್ಲಿಡುವುದೆಂದು ತಿಳಿಯದೆ ಸೆರಗಿನೊಳಗಿಟ್ಟುಕೊಂಡು ಕೂತೆ. ರಘು ಫೋನು ಆರಿಸಿ, "ತಮಾಷೆಗಮ್ಮ. ಸೀರಿಯಸ್ಸಾಗಿ ತಗೋಬೇಡ" ಎಂದ.

"ನಾನೇನೂ ತಗೊಂಡಿಲ್ಲಪ್ಪ. ತಗೊಂಡವನು ನೀನು" ಎಂದೆ.

ಸುಮನಾ ಕಾಫಿ ತಂದಳು. ಅವಳ ಮುಖವೂ ಪೆಚ್ಚಾಗಿತ್ತು. "ಬೇಜಾರ್ ಮಾಡ್ಕೋಬೇಡಿ ಅತ್ತೆ. ಅಪ್ಪ ಅಮ್ಮನ್ನ ಬೇಸ್‌ಮೆಂಟಲ್ಲಿ ಹೇಗೆ ಮಲಗಿಸೋದು ಅಂತ ಯೋಚ್ನೆ, ಅಷ್ಟೆ."

"ಬೇಸ್‌ಮೆಂಟಿಗೆ ನಾನೇ ಹೋಗ್ತೀನಿ ಬಿಡಮ್ಮ" ಎಂದು ಬಹಳ ಗಾಂಭೀರ್ಯದಿಂದ ಹೇಳಿದೆ. ಇಂಥ ಮಾತಿಗೆ 'ಛೆ ಛೆ, ಎಲ್ಲಾದ್ರೂ ಉಂಟಾ' ಎಂದು ಎದುರಿನವರು ಹೇಳಬೇಕೆಂಬುದು ನಾನು ಕಂಡ ಸಂಪ್ರದಾಯ. "ಹೌದಾ ಅತ್ತೆ? ತುಂಬಾ ಥ್ಯಾಂಕ್ಸ್!" ಎಂದಳು ಸುಮನಾ. ಕಾಫಿ ಆರುವ ಮೊದಲೇ ಹಾಸಿಗೆ ಕೆಳಗಿಳಿಯಿತು.

ಈಗ ಜನವರಿ. ಬೀಗರು ಮೇಲಿನ ಟಿವಿಯಲ್ಲಿ ಧಾರಾವಾಹಿ ನೋಡುತ್ತಾರೆ. ಹಾಗಾಗಿ ಮ್ಯಾಚಿದ್ದಾಗ ರಘು ಬೇಸ್‌ಮೆಂಟಿಗಿಳಿದು, ಇಲ್ಲಿನ ಟಿವಿ ಹಾಕಿ, ನನ್ನ ಮಂಚದ ತುದಿಯಲ್ಲಿ ಕೂರುತ್ತಾನೆ. "ಇವತ್ತು ಎಷ್ಟು ಬಿಟ್ಕೊಡ್ಬೇಕೋ?" ಎಂದು ಕೇಳುತ್ತೇನೆ. ನನ್ನ ಕಡೆ ತಿರುಗಿ, ಕೈಯಾಡಿಸಿ, ಬೆರಳು ಮಡಚಿ ವಿವರಿಸುತ್ತಾನೆ. ಈ ಸಲ ಬಂದಮೇಲೆ ಅವನು ನನ್ನೊಡನೆ ಇಷ್ಟು ಹೊತ್ತು ಮಾತಾಡಿದ್ದಿಲ್ಲ. ನನಗೆ ಎಲ್ಲವೂ ಎಂದೋ ಅರ್ಥವಾಗಿದೆ. ಆದರೂ "ಇನ್ನೊಂದ್ ಸಲ ಹೇಳೋ, ತಲೆಗೆ ಹತ್ತಲಿಲ್ಲ" ಎನ್ನುತ್ತೇನೆ. ಅವನು ಹೇಳುವುದು ಜಾಹೀರಾತು ಬಂದಾಗ ಮಾತ್ರ. ಆಟ ಶುರುವಾದೊಡನೆ ಮುಖ ಆ ಕಡೆ. ಪುಣ್ಯಕ್ಕೆ ಈ ಆಟದಲ್ಲಿ ಜಾಹೀರಾತು ಬಹಳ.