ಕಾಲುವೆ ಬಂದ ಮೇಲಿನ ಬಾವುಟಗಳು

ರಂಗಂಪೇಟೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡವಳಿಗೆ ಯಾರು ಯಾವ ಪಾರ್ಟಿ ಎಂದು ಯಾರೂ ಹೇಳಬೇಕಾಗಿಲ್ಲ. ಬಾವುಟದ ಬಟ್ಟೆ ಯಾರು ತಂದರು ಎಂದು ನೋಡಿದರೆ ಸಾಕು. ನಾನು ಶಾಲೆಗೆ ಹೋದವಳಲ್ಲ. ಬ್ಯಾನರಿಗೆ ಅಕ್ಷರ ಕತ್ತರಿಸಿ ಹೊಲಿಯುತ್ತಲೇ ಓದು ಕಲಿತೆ. ಹೀಗಾಗಿ ನಾನು ಮೊದಲು ಓದಿದ ಶಬ್ದ 'ಅಮ್ಮ' ಅಲ್ಲ, 'ಧಿಕ್ಕಾರ'. ಅದೇ ಹೊಲಿಗೆಯಿಂದ ಕಾಲುವೆಯ ಕೊನೆಯಲ್ಲಿ ಎರಡೆಕರೆ ಕೊಂಡು ಹತ್ತಿ ಹಾಕಿದೆ. ಕಾಲುವೆಗೆ ನೀರು ಬಂತು, ನನ್ನ ಹೊಲದ ತನಕ ಮಾತ್ರ ಬರಲಿಲ್ಲ.

೧. ದುಡಿಯುವವನ ಹೊಲ

ಕೂಲಿಕಾರರ ಸಂಘದ ಮುಖಂಡನನ್ನು ಊರೆಲ್ಲ ಕಾಮ್ರೇಡ್ ಎನ್ನುತ್ತಿತ್ತು. ಕೆಂಪು ಬಾವುಟಗಳನ್ನೆಲ್ಲ ನನ್ನ ಹತ್ತಿರವೇ ಹೊಲಿಸುತ್ತಿದ್ದ. ಅವನ ನಾಲ್ಕೆಕರೆ ಕಾಲುವೆಯ ಗೇಟಿಗೆ ಹತ್ತಿಕೊಂಡೇ ಇತ್ತು. ನೀರು ಬಂತು, ಭತ್ತ ಬಂತು. ಒಂದು ದಿನ ಕೇಸರಿ ಬಟ್ಟೆ ತಂದು ಮೇಜಿನ ಮೇಲೆ ಇಟ್ಟ.

"ಏನೋ ಕಾಮ್ರೇಡ, ಹೊಲ ದುಡಿಯಾವಂದು ಅಂತ ಒದರ್ತಿದ್ದಿ, ಅದೇನಾತು?"

"ಅಕ್ಕಾ, ಈಗ ನನ್ನ ಹೊಲದಾಗ ಕೂಲಿಯಾರು ದುಡಿಯಾಕತ್ತಾರ. ಆ ಮಾತು ನಾನೇ ಒದರಿದ್ರ ಹೊಲ ನನಗ ಉಳಿತೈತೇನು?"

೨. ಗೌಡರ ಮುಷ್ಟಿ

ಕೆಂಪು ಬಾವುಟ ಕಂಡರೆ ಬೆನ್ನಟ್ಟುತ್ತಿದ್ದ ಗೌಡರ ಹೊಲ ನನ್ನ ಹೊಲದ ಪಕ್ಕದ್ದು. ಅವರಿಗೂ ಹನಿ ನೀರಿಲ್ಲ, ಎಲ್ಲ ಗೇಟಿನ ಹತ್ತಿರದ ಮೇಲಿನ ಹೊಲದವರೇ ಹರಿಸಿಕೊಳ್ಳುತ್ತಿದ್ದರು. ಗೌಡರು ಬಂದು, "ತಂಗೀ, ಕೆಂಪಂದು ಒಂದು ಹೊಲಿ. ಅಂಚು ಜರಾ ಗಟ್ಟಿ ಇರಲಿ" ಎಂದರು.

ಮೆರವಣಿಗೆಯಲ್ಲಿ "ಜಮೀನ್ದಾರರಿಗೆ ಧಿಕ್ಕಾರ" ಎಂದು ಕೂಗು ಎದ್ದಿತು. ಗೌಡರೂ ಮುಷ್ಟಿ ಎತ್ತಿದರು. ಪಕ್ಕದಲ್ಲಿದ್ದ ಅವರದೇ ಆಳು ಗಾಬರಿಯಾಗಿ, "ನಿಮಗಲ್ರೀ ಧಣಿ" ಎಂದು ದನಿ ತಗ್ಗಿಸಿದ.

"ಜೋರಾಗಿ ಒದರಲೇ!" ಎಂದು ಗೌಡರು ಗದರಿದರು. "ಮ್ಯಾಲಿನ ಹೊಲದಾವ್ರಿಗೆ ಕೇಳಬೇಕು!"

೩. ಕಡೇ ಮನುಷ್ಯ

ನನ್ನ ಹತ್ತಿ ಬಾಡಿತು. ಇನ್ನೊಂದು ವಾರ ನೀರು ಸಿಗದಿದ್ದರೆ ಬೆಳೆ ಹೋದಂತೆಯೇ. ಅದೇ ಹೊತ್ತಿಗೆ ಗೇಟಿನ ಹತ್ತಿರ ಎರಡೂ ಪಾರ್ಟಿಯವರು ಸೇರಿದರು. ಕೆಳಗೆ ನೀರು ಬಿಡಿ ಎಂದು ಗೌಡರ ಕೆಂಪು ಗುಂಪು, ಬಿಡಬೇಡಿ ಎಂದು ಕಾಮ್ರೇಡನ ಕೇಸರಿ ಗುಂಪು. ಗೇಟ್ ತೆಗೆಯುವವನು ಕೀಲಿ ಹಿಡಿದು ನಡುವೆ ನಿಂತಿದ್ದ.

ನಾನು ನೇರವಾಗಿ ಕಾಮ್ರೇಡನ ಮೈಕಿನ ಮುಂದೆ ಹೋಗಿ ನಿಂತೆ.

"ಏನೋ, ನೆಲ್ಲಕ್ಕಿ ಅನ್ನ ಉಂಡು ದನಿ ಕುಂತೈತೇನು? ಮೊದಲ ನೀ ಒದರಿದ್ರ ಶಹಾಪುರ ತನಕ ಕೇಳತಿತ್ತು!"

ಅವನಿಗೆ ರೋಷ ಬಂತು. ಕಣ್ಣು ಮುಚ್ಚಿ, ಕುತ್ತಿಗೆಯ ನರ ಉಬ್ಬಿಸಿ, ಇಪ್ಪತ್ತು ವರ್ಷದ ರೂಢಿಯಂತೆ ಸಂಘದ ಹಳೆಯ ಘೋಷಣೆಯನ್ನೇ ಕೂಗಿದ: "ನೀರು ಯಾರದು?"

ಅವನ ಹಿಂದಿದ್ದವರೂ ಹಳೆಯ ಸಂಘದವರೇ. ಬಾಯಿಗೆ ಅದೇ ಬಂತು: "ಎಲ್ಲರದು!"

"ಮೊದಲು ಯಾರಿಗೆ?"

"ಕಡೇ ಮನುಷ್ಯಾಗ!"

ಗೇಟಿನವನು ಕೀಲಿ ತಿರುಗಿಸಿಯೇಬಿಟ್ಟ. "ಎರಡೂ ಪಾರ್ಟಿಯವ್ರು ಒಂದೇ ಕೇಳಿದ ಮ್ಯಾಲ ತಡಿಯಾಕ ನಾನ್ಯಾರ್ರೀ?" ಎಂದ. ಕಾಮ್ರೇಡ್ ಕಣ್ಣು ತೆರೆದದ್ದು ನೀರಿನ ಸದ್ದು ಕೇಳಿದ ಮೇಲೆಯೇ.

ನನ್ನ ಹತ್ತಿ ಉಳಿಯಿತು. ಗೌಡರ ಹೊಲವೂ ತುಂಬಿತು. ನಾಲ್ಕನೇ ದಿನ ಗೌಡರು ಕೆಂಪು ಬಾವುಟವನ್ನು ಮಡಚಿಕೊಂಡು ಅಂಗಡಿಗೆ ಬಂದರು.

"ತಂಗೀ, ನಮಗೂ ನೀರ್ ಬಂತಲ್ಲ. ಇನ್ನ ಕೇಸರಿ ಹೊಲಿ."

"ಮುಂದಿನ ಪಾಳಿ ನೀರ್ ಬರಲಿಲ್ಲಂದ್ರ ಏನ್ ಮಾಡ್ತೀರಿ ಗೌಡ್ರ? ಒಂದ್ ಮಗ್ಗಲ ಕೆಂಪು, ಒಂದ್ ಮಗ್ಗಲ ಕೇಸರಿ ಹಚ್ಚಿ ಹೊಲಿತೀನಿ. ಗೇಟ್ ನೋಡಿ ತಿರುವಿಕೊಳ್ರಿ."

ಬೈದು ಹೋಗುತ್ತಾರೆ ಅಂದುಕೊಂಡೆ. ಗೌಡರು ಕುರ್ಚಿ ಎಳೆದು ಕುಳಿತು, ಬಟ್ಟೆಯನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿ ಕೇಳಿದರು:

"ಒಗದ್ರ ಒಂದರ ಬಣ್ಣ ಇನ್ನೊಂದಕ್ಕ ಹತ್ತಂಗಿಲ್ಲಲ್ಲ?"